ನ್ಯುಮೋನಿಯಾ ಬಂದಾಗ ಹಾರ್ಟ್ ಕಡೆಗೂ ಒಂದು ಕಣ್ಣಿರಲಿ

ನ್ಯುಮೋನಿಯಾ ಅಂದ್ರೆ ಶ್ವಾಸಕೋಶದ ಕಾಯಿಲೆ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಜ್ವರ, ಕೆಮ್ಮು, ಕಫ, ಎಕ್ಸ್‌ರೇಲಿ ಬಿಳಿ ಮಚ್ಚೆ, ಆಂಟಿಬಯಾಟಿಕ್, ಬೇಕಿದ್ರೆ ಆಕ್ಸಿಜನ್, ಜ್ವರ ಬಿಟ್ರೆ ಡಿಸ್ಚಾರ್ಜ್. ನಮ್ಮೆಲ್ಲರ ತಲೇಲಿರೋ ಚಿತ್ರ ಇಷ್ಟೇ. ಆದ್ರೆ ಆಸ್ಪತ್ರೆ ಸೇರೋ ಮಟ್ಟಿಗೆ ನ್ಯುಮೋನಿಯಾ ಜೋರಾದವರಲ್ಲಿ ಹೆಚ್ಚುಕಮ್ಮಿ ನಾಲ್ಕು ಜನರಲ್ಲಿ ಒಬ್ಬರಿಗೆ ಅದೇ ಹೊತ್ತಲ್ಲಿ ಹಾರ್ಟ್‌ಗೂ ಏನೋ ಒಂದು ತೊಂದರೆ ಆಗುತ್ತೆ ಅಂತ ನಿಮಗೆ ಯಾರಾದ್ರೂ ಹೇಳಿದಾರಾ? ನಂಗಂತೂ ಯಾರೂ ಹೇಳಿರ್ಲಿಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಸೋದರಮಾವನಿಗೆ ನ್ಯುಮೋನಿಯಾ ಆದಾಗ ಜೊತೆಗಿದ್ದವಳು, ಅಲ್ಲಿ ನಡೆದಿದ್ದು ಅರ್ಥ ಆಗ್ದೆ ಆಮೇಲೆ ಕೂತು ಓದ್ತಾ ಹೋದವಳು ಅಷ್ಟೇ. ಅದಕ್ಕೇ ಇದನ್ನ ಓದಿ ಮಾತ್ರೆ ನಿಲ್ಲಿಸೋದು ಶುರು ಮಾಡೋದು ಎಲ್ಲ ಬೇಡ, ಡಾಕ್ಟರ್ ಹತ್ರ ಏನು ಕೇಳ್ಬೇಕು ಅಂತ ತಿಳ್ಕೊಳೋಕೆ ಓದಿ.

ಆ ನಾಲ್ಕರಲ್ಲಿ ಒಬ್ಬರು ಅನ್ನೋದು ಎಲ್ಲಿಂದ ಬಂತು ಅಂದ್ರೆ, 2012ರಲ್ಲಿ ಸರ್ಕ್ಯುಲೇಷನ್ ಅನ್ನೋ ಹೃದ್ರೋಗ ಪತ್ರಿಕೇಲಿ ಬಂದ ಒಂದು ಅಧ್ಯಯನ. ಆಸ್ಪತ್ರೆ ಸೇರಿದ್ದ 1343 ಜನ, ಮನೇಲೇ ಇದ್ದು ಚಿಕಿತ್ಸೆ ತಗೊಂಡಿದ್ದ 944 ಜನ, ಇವರಿಗೆಲ್ಲ ಮೂವತ್ತು ದಿನದೊಳಗೆ ಹಾರ್ಟ್‌ಗೆ ಏನಾಯ್ತು ಅಂತ ನೋಡಿದ್ರು. ಆಸ್ಪತ್ರೆ ಸೇರಿದವರಲ್ಲಿ ಸುಮಾರು 27 ಪರ್ಸೆಂಟ್ ಜನಕ್ಕೆ ಹಾರ್ಟ್ ಫೇಲ್ಯೂರ್ (ಹಾರ್ಟ್ ನಿಂತುಹೋಗೋದಲ್ಲ, ಬೇಕಾದಷ್ಟು ರಕ್ತ ಪಂಪ್ ಮಾಡೋಕಾಗದೆ ಸೋಲೋದು) ಹೊಸದಾಗಿ ಬಂದಿತ್ತು ಅಥವಾ ಇದ್ದದ್ದು ಜಾಸ್ತಿ ಆಗಿತ್ತು, ಇಲ್ಲಾ ಹೃದಯ ಬಡಿತದ ಲಯ ತಪ್ಪಿತ್ತು, ಇಲ್ಲಾ ಹಾರ್ಟ್ ಅಟ್ಯಾಕೇ ಆಗಿತ್ತು. ಮನೇಲಿದ್ದವರಲ್ಲಿ ಇದು ಬರೀ 2 ಪರ್ಸೆಂಟ್. ಅಂದ್ರೆ ಸಣ್ಣದಾಗಿ ಬಂದು ಮಾತ್ರೇಲೇ ವಾಸಿ ಆಗೋ ನ್ಯುಮೋನಿಯಾಗೆ ಗಾಬರಿ ಬೀಳೋ ಅಗತ್ಯ ಇಲ್ಲ. ಆದ್ರೆ ನನ್ನ ಕಣ್ಣಿಗೆ ಕುಟುಕಿದ್ದು ಆ ಪರ್ಸೆಂಟ್ ಅಲ್ಲ, ಟೈಮಿಂಗು. ಈ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ 24 ಗಂಟೆಯೊಳಗೇ ಕಾಣಿಸ್ಕೊಂಡಿದ್ವು, ಹತ್ತಿರ ಹತ್ತಿರ 90 ಪರ್ಸೆಂಟ್ ಮೊದಲ ವಾರದಲ್ಲೇ. ಎಲ್ಲರೂ ಎದೆಯ ಎಕ್ಸ್‌ರೇ ಹಿಡ್ಕೊಂಡು ಆಂಟಿಬಯಾಟಿಕ್ ಕೆಲಸ ಮಾಡ್ತಿದ್ಯಾ ಇಲ್ವಾ ಅಂತ ಕಾಯ್ತಾ ಕೂತಿರ್ತೀವಲ್ಲ, ಸರಿಯಾಗಿ ಆ ಹೊತ್ತಲ್ಲೇ.

ಯಾಕೆ ಹೀಗಾಗುತ್ತೆ? ಕಾರಣ ಒಂದೇ ಇದ್ದಿದ್ರೆ ಹೇಳೋದು ಸುಲಭ ಇತ್ತು, ಇಲ್ಲಿ ನಾಲ್ಕೈದು ಸೇರ್ಕೊಂಡಿರುತ್ವೆ.

ಮೊದಲನೇದು ಬರೀ ಕೆಲಸದ ಹೊರೆ. ಮನೇಲಿ ಒಬ್ಬರು ಹಾಸಿಗೆ ಹಿಡಿದ್ರೆ ಅವರ ಪಾಲಿನ ಕೆಲಸವೂ ಇನ್ನೊಬ್ಬರ ತಲೆ ಮೇಲೆ ಬೀಳುತ್ತಲ್ಲ, ಹಾಗೇ ಇದು. ಶ್ವಾಸಕೋಶದ ಒಂದು ಭಾಗದಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ಕೀವು ನೀರು ತುಂಬಿಕೊಂಡಾಗ ರಕ್ತಕ್ಕೆ ಆಕ್ಸಿಜನ್ ಕಮ್ಮಿ ಸೇರುತ್ತೆ, ಅದನ್ನ ಸರಿದೂಗಿಸೋಕೆ ಹಾರ್ಟ್ ಜೋರಾಗಿ ಓಡ್ಬೇಕು. ಮೇಲಿಂದ ಜ್ವರ ಬೇರೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ನಾಡಿ ನಿಮಿಷಕ್ಕೆ ಹೆಚ್ಚುಕಮ್ಮಿ 10 ಬಡಿತ ಏರುತ್ತೆ. ಈಗ ಇಲ್ಲಿ ಒಂದು ವಿಷಯ ಇದೆ, ಇದು ನಂಗೆ ತುಂಬಾ ತಡವಾಗಿ ತಲೆಗೆ ಹೋಗಿದ್ದು. ಹೃದಯದ ಸ್ನಾಯುವಿಗೆ ರಕ್ತ ಕೊಡೋ ಕರೋನರಿ ನಾಳಗಳು ಇದಾವಲ್ಲ, ಅವುಗಳಿಂದ ಎಡ ಹೃದಯಕ್ಕೆ ರಕ್ತ ಹರಿಯೋದು ಮುಖ್ಯವಾಗಿ ಹೃದಯ ಸಡಿಲ ಆದಾಗ, ಅದು ಬಿಗಿಯಾಗಿ ಹಿಂಡೋವಾಗ ಅಲ್ಲ. ನಿಮಿಷಕ್ಕೆ 60 ಬಡಿತ ಇದ್ದಾಗ ಒಂದೊಂದು ಬಡಿತಕ್ಕೂ ಒಂದು ಸೆಕೆಂಡ್ ಸಿಗುತ್ತೆ, ಅದರಲ್ಲಿ ಹೆಚ್ಚು ಪಾಲು ಸಡಿಲ ಆಗಿರೋ ಹೊತ್ತೇ. ಅದೇ 120 ಆದ್ರೆ ಅರ್ಧ ಸೆಕೆಂಡ್ ಅಷ್ಟೇ, ಕತ್ತರಿ ಬೀಳೋದು ಬಹುಪಾಲು ಆ ಸಡಿಲ ಆಗೋ ಹೊತ್ತಿಗೇ. ಅಂದ್ರೆ ಹೃದಯಕ್ಕೆ ರಕ್ತ ಜಾಸ್ತಿ ಬೇಕಾದಾಗಲೇ ಅದಕ್ಕೆ ರಕ್ತ ಕುಡಿಯೋಕೆ ಪುರುಸೊತ್ತು ಕಮ್ಮಿ, ಬರೋ ರಕ್ತದಲ್ಲೂ ಆಕ್ಸಿಜನ್ ಕಮ್ಮಿ. ನಾಳದಲ್ಲಿ ಮೊದಲೇ ಸ್ವಲ್ಪ ಕೊಬ್ಬು ಕಟ್ಟಿಕೊಂಡು ಕಿರಿದಾಗಿದ್ರೆ, ಅಲ್ಲಿವರೆಗೂ ಏನೂ ತೊಂದರೆ ಕೊಡದೆ ಇದ್ದ ಆ ಕಿರಿದಾದ ಜಾಗ ಈಗ ಲೆಕ್ಕಕ್ಕೆ ಬರುತ್ತೆ. ಎಲ್ಲೂ ಹೊಸದಾಗಿ ಬ್ಲಾಕ್ ಆಗ್ದೇನೇ ಸ್ನಾಯುವಿಗೆ ಪೆಟ್ಟಾಗಬಹುದು, ಡಾಕ್ಟರ್‌ಗಳು ಇದನ್ನ ಟೈಪ್ 2 ಹಾರ್ಟ್ ಅಟ್ಯಾಕ್ ಅಂತಾರೆ.

ಟೈಪ್ 1 ಅಂದ್ರೆ ನಾವೆಲ್ಲ ಕೇಳಿರೋ ಮಾಮೂಲಿ ಹಾರ್ಟ್ ಅಟ್ಯಾಕು, ಕೊಬ್ಬಿನ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟೋದು. ನ್ಯುಮೋನಿಯಾದಲ್ಲಿ ಅದೂ ಆಗುತ್ತೆ. ಸೋಂಕಿನ ವಿರುದ್ಧ ಹೋರಾಡೋಕೆ ದೇಹ ಬಿಡೋ ಉರಿಯೂತದ ರಾಸಾಯನಿಕಗಳು ಶ್ವಾಸಕೋಶದಲ್ಲಿ ಮಾತ್ರ ಇರು ಅಂದ್ರೆ ಇರಲ್ಲ, ರಕ್ತದ ಜೊತೆ ಮೈಯೆಲ್ಲಾ ಓಡಾಡುತ್ವೆ, ನಾಳದೊಳಗೆ ತಣ್ಣಗೆ ಕೂತಿದ್ದ ಆ ಕೊಬ್ಬಿನ ಗಂಟನ್ನೂ ಕೆರಳಿಸ್ತಾವೆ, ರಕ್ತ ಹೆಪ್ಪುಗಟ್ಟೋಕೆ ನೆರವಾಗೋ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಂಟಾಗ್ತವೆ, ರಕ್ತ ಬೇಗ ಹೆಪ್ಪುಗಟ್ಟೋ ಮೂಡಲ್ಲಿರುತ್ತೆ. ಇದು ನ್ಯುಮೋನಿಯಾಗೆ ಮಾತ್ರ ಸೀಮಿತ ಅಲ್ಲ. 2004ರಲ್ಲಿ ಬ್ರಿಟನ್ನಿನ ಜನರಲ್ ಪ್ರಾಕ್ಟೀಸ್ ದಾಖಲೆಗಳನ್ನ ಇಟ್ಕೊಂಡು ಮಾಡಿದ ಅಧ್ಯಯನದಲ್ಲಿ, ಉಸಿರಾಟದ ಸೋಂಕು ಪತ್ತೆ ಆದ ಮೊದಲ ಮೂರು ದಿನ ಹಾರ್ಟ್ ಅಟ್ಯಾಕ್ ಸಾಧ್ಯತೆ ಅದೇ ವ್ಯಕ್ತಿಯ ಮಾಮೂಲಿ ದಿನಗಳಿಗಿಂತ ಸುಮಾರು ಐದು ಪಟ್ಟು, ಸ್ಟ್ರೋಕ್ ಸುಮಾರು ಮೂರು ಪಟ್ಟು ಅಂತ ಬಂತು. 2018ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಲ್ಯಾಬ್ ಟೆಸ್ಟಲ್ಲಿ ಫ್ಲೂ ಅಂತ ಖಾತ್ರಿ ಆದವರನ್ನ ನೋಡಿದಾಗ ಮೊದಲ ಏಳು ದಿನ ಆರು ಪಟ್ಟು. ಇಲ್ಲಿ ಒಬ್ಬೊಬ್ಬರನ್ನೂ ಅವರ ಜೊತೇನೇ ಹೋಲಿಸಿರೋದು, ಅಂದ್ರೆ ಇವರು ಸಿಗರೇಟ್ ಸೇದ್ತಿದ್ರು ಅವರು ಸೇದ್ತಿರ್ಲಿಲ್ಲ ಅನ್ನೋ ತಕರಾರು ತೆಗೆಯೋಕೆ ಜಾಗ ಕಮ್ಮಿ. ಅದಕ್ಕೇ ನಂಗೆ ಈ ಎರಡು ಅಧ್ಯಯನ ಜಾಸ್ತಿ ನಂಬಿಕೆ ಹುಟ್ಟಿಸಿದ್ದು.

ಇನ್ನು ಬಲಗಡೆಯ ಹೃದಯ. ಶ್ವಾಸಕೋಶದಲ್ಲಿ ಎಲ್ಲಿ ಆಕ್ಸಿಜನ್ ಕಮ್ಮಿ ಇರುತ್ತೋ ಅಲ್ಲಿನ ರಕ್ತನಾಳ ತಾನಾಗೇ ಮುದುಡಿಕೊಳ್ಳುತ್ತೆ, ಗಾಳಿ ಇಲ್ಲದ ಜಾಗಕ್ಕೆ ರಕ್ತ ಯಾಕೆ ಅಂತ. ಜಾಣತನವೇ, ಆದ್ರೆ ತುಂಬಾ ಕಡೆ ಹಾಗಾದ್ರೆ ಶ್ವಾಸಕೋಶಕ್ಕೆ ರಕ್ತ ತಳ್ಳೋ ಬಲ ಹೃದಯಕ್ಕೆ ಎದುರು ಒತ್ತಡ ಏರುತ್ತೆ. ಜೊತೆಗೆ ಆ ಉರಿಯೂತದ ರಾಸಾಯನಿಕಗಳೇ ಹೃದಯದ ಸ್ನಾಯು ಹಿಂಡೋ ಶಕ್ತಿಯನ್ನೂ ಕುಗ್ಗಿಸ್ತಾವೆ.

ಇವೆಲ್ಲ ಪರೋಕ್ಷ ಆಯ್ತು. ನಿಜವಾಗಲೂ ನಂಗೆ ಮೈ ಜುಂ ಅಂದಿದ್ದು ಕೀಟಾಣುವೇ ಹಾರ್ಟಿಗೆ ನುಗ್ಗುತ್ತೆ ಅನ್ನೋದು ಓದಿದಾಗ. ನ್ಯುಮೋನಿಯಾಗೆ ಕಾರಣ ಆಗೋ ಬ್ಯಾಕ್ಟೀರಿಯಾಗಳಲ್ಲಿ ಹೆಸರುವಾಸಿ ನ್ಯುಮೋಕಾಕಸ್. 2014ರಲ್ಲಿ ಪ್ರಕಟ ಆದ ಪ್ರಯೋಗಗಳಲ್ಲಿ ಇಲಿಗಳಿಗೆ ಈ ಸೋಂಕು ತೀವ್ರವಾಗಿ ರಕ್ತಕ್ಕೆ ಇಳಿದಾಗ ಬ್ಯಾಕ್ಟೀರಿಯಾ ಹೃದಯದ ಸ್ನಾಯುವೊಳಗೇ ಸೇರಿ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹುಣ್ಣುಗಳನ್ನ ಮಾಡಿತ್ತು, ಅದು ಬಿಡೋ ನ್ಯುಮೋಲೈಸಿನ್ ಅನ್ನೋ ವಿಷ ಸ್ನಾಯುಕೋಶಗಳನ್ನ ಸಾಯಿಸ್ತಿತ್ತು. ಮುಂದೆ ಬಬೂನ್ ಕೋತಿಗಳಲ್ಲೂ ತೀವ್ರ ನ್ಯುಮೋನಿಯಾ ಆದಾಗ ಹೃದಯಕ್ಕೆ ನೇರ ಹಾನಿ ಆಗೋದು ಕಂಡುಬಂತು, ಆಂಟಿಬಯಾಟಿಕ್ ಕೊಟ್ಟು ಸೋಂಕು ಹೋದಮೇಲೂ ಆ ಜಾಗದಲ್ಲಿ ಗಾಯದ ಕಲೆ ಥರ ನಾರು ಕಟ್ಟೋಕೆ ಶುರು ಆಗಿತ್ತು. ಪ್ರಾಣಿಗಳಲ್ಲಿ ಕಂಡಿದ್ದೆಲ್ಲ ಹಾಗೇ ಮನುಷ್ಯರಿಗೂ ಅನ್ವಯ ಅಂತ ಹೇಳೋಕಾಗಲ್ಲ, ಆದ್ರೂ ಸೋಂಕು ಹೋದ ಎಷ್ಟೋ ತಿಂಗಳ ಮೇಲೂ ಹಾರ್ಟ್ ತೊಂದರೆ ಯಾಕೆ ಜಾಸ್ತಿ ಅನ್ನೋದಕ್ಕೆ ಇಲ್ಲೊಂದು ಸುಳಿವಿದೆ.

ಈಗ ಮಾವನ ಕಥೆ. ಅವರಿಗೆ ಮೊದಲು ಹಾರ್ಟ್ ತೊಂದರೆ ಅಂತ ಏನೂ ಇರ್ಲಿಲ್ಲ, ಬಿಪಿ ಮಾತ್ರೆ ಮಾತ್ರ ತಗೋತಿದ್ರು. ನ್ಯುಮೋನಿಯಾ ಅಂತ ಅಡ್ಮಿಟ್ ಆದ್ರು, ಜ್ವರ ಇಳೀತಾ ಬಂತು, ಎಲ್ಲರೂ ನಿರಾಳ. ಒಂದಿನ ಬೆಳಗ್ಗೆ ನಾಡಿ ನೋಡ್ತಿದ್ದ ಸಿಸ್ಟರ್ ಕೈ ಬಿಡದೆ ಇನ್ನೊಂದು ನಿಮಿಷ ನೋಡಿದ್ರು, ಏನೂ ಹೇಳ್ದೆ ಹೋಗಿ ಇಸಿಜಿ ಮಷೀನ್ ತಂದ್ರು. ಎಟ್ರಿಯಲ್ ಫಿಬ್ರಿಲೇಷನ್. ಅಂದ್ರೆ ಹೃದಯದ ಮೇಲಿನ ಕೋಣೆಗಳು ಲಯಬದ್ಧವಾಗಿ ಹಿಂಡೋದು ಬಿಟ್ಟು ಸುಮ್ನೆ ಅದುರೋದು, ನಾಡಿ ಒಂದ್ಸಲ ಬೇಗ ಒಂದ್ಸಲ ತಡವಾಗಿ ತಾಳ ತಪ್ಪಿ ಬಡಿಯೋದು. ಹಾರ್ಟ್ ಡಾಕ್ಟರ್ ಬಂದ್ರು, ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡಿಸಿ ಅಂದ್ರು. ನಮ್ಮತ್ತೆ ನನ್ನ ಕಾರಿಡಾರಿಗೆ ಕರ್ಕೊಂಡು ಹೋಗಿ, "ಕೆಮ್ಮಿಗೆ ಅಂತ ಬಂದ್ವಿ, ಈಗ ಹಾರ್ಟು ಅಂತಿದಾರಲ್ಲೇ, ಇದೇನೇ ಇದು, ಬಿಲ್ ಏರಿಸೋ ದಾರೀನಾ?" ಅಂದ್ರು. ನೋಡೋಕೆ ಬಂದ ನೆಂಟರಲ್ಲೂ ಅರ್ಧ ಜನ ಅದನ್ನೇ ಅಂದ್ರು, ಇನ್ನರ್ಧ ಜನ ಟೆನ್ಷನ್‌ಗೆ ಹಾಗಾಗಿರುತ್ತೆ ಬಿಡಿ ಅಂದ್ರು. ಅನುಮಾನ ಪಡೋದು ತಪ್ಪು ಅಂತ ನಾನು ಹೇಳಲ್ಲ, ಕಾಲ ಹಾಗಿದೆ. ಆದ್ರೆ ಈ ವಿಷಯದಲ್ಲಿ ಆ ಅನುಮಾನಕ್ಕೆ ಬುಡ ಇಲ್ಲ. ಜೋರಾಗಿ ನ್ಯುಮೋನಿಯಾ ಆಗಿರೋ ವಯಸ್ಸಾದವರಿಗೆ ಇಸಿಜಿ ಮಾಡ್ದೇ ಇದ್ರೆ ಯಾಕೆ ಮಾಡ್ಲಿಲ್ಲ ಅಂತ ಕೇಳ್ಬೇಕೇ ಹೊರತು ಮಾಡಿದ್ದಕ್ಕೆ ಜಗಳ ಆಡೋದಲ್ಲ.

ಆ ಲಯ ತಪ್ಪೋದು ಎಷ್ಟೋ ಜನಕ್ಕೆ ಸೋಂಕು ಇಳಿದ ಹಾಗೆ ತಾನಾಗೇ ಸರಿಹೋಗುತ್ತೆ, ಮಾವನಿಗೂ ಸರಿಹೋಯ್ತು. ಹಾಗಂತ ಸುಮ್ನೆ ಬಿಡೋ ಹಾಗಿಲ್ಲ. ಮೇಲಿನ ಕೋಣೇಲಿ ರಕ್ತ ನಿಂತು ಹೆಪ್ಪುಗಟ್ಟಿ ಅದು ಮೆದುಳಿಗೆ ಹೋದ್ರೆ ಸ್ಟ್ರೋಕು. ರಕ್ತ ತೆಳು ಮಾಡೋ ಮಾತ್ರೆ ಬೇಕಾ ಬೇಡ್ವಾ, ಎಷ್ಟು ದಿನ ಅನ್ನೋದನ್ನ ವಯಸ್ಸು, ಬಿಪಿ, ಶುಗರ್, ಹಿಂದೆ ಸ್ಟ್ರೋಕ್ ಆಗಿತ್ತಾ, ರಕ್ತಸ್ರಾವದ ಅಪಾಯ ಎಷ್ಟಿದೆ ಅಂತೆಲ್ಲ ನೋಡಿ ತೀರ್ಮಾನ ಮಾಡ್ತಾರೆ. ಒಂದ್ಸಲ ಸೋಂಕಿನ ಹೊತ್ತಲ್ಲಿ ಬಂದು ಹೋದವರಿಗೆ ಮುಂದೆ ಮತ್ತೆ ಬರೋ ಸಾಧ್ಯತೆ ಇರೋದ್ರಿಂದ ಆಮೇಲೂ ಆಗಾಗ ಚೆಕ್ ಮಾಡಿಸ್ಕೋಬೇಕು.

ನನ್ನ ಪ್ರಕಾರ ಇಡೀ ವಿಷಯದಲ್ಲಿ ಕಷ್ಟದ ಭಾಗ ಯಾವುದು ಅಂದ್ರೆ, ಹಾರ್ಟ್ ತೊಂದರೆ ನ್ಯುಮೋನಿಯಾದ ಹಿಂದೆ ಅಡಗಿ ಕೂತಿರುತ್ತೆ. ಏದುಸಿರು ಎರಡಕ್ಕೂ ಇದೆ. ಎದೆನೋವು ಎರಡಕ್ಕೂ ಇದೆ. ಸುಸ್ತು, ಬೆವರು, ಕೆಮ್ಮು, ನಾಡಿ ಜೋರು, ಎಲ್ಲ ಎರಡಕ್ಕೂ. ಹಾಗಾಗಿ ಏನಾದ್ರೂ ಆದ್ರೆ ಎಲ್ಲರೂ ನ್ಯುಮೋನಿಯಾ ಖಾತೆಗೇ ಬರೆದುಬಿಡ್ತಾರೆ, ಜೊತೆಗಿರೋ ನಾವೂ ಅಷ್ಟೇ, ಕೆಲವು ಸಲ ಡಾಕ್ಟರ್‌ಗಳೂ ಅಷ್ಟೇ. ಆದ್ರೂ ಸ್ವಲ್ಪ ಗಮನ ಕೊಟ್ರೆ ವ್ಯತ್ಯಾಸ ಕಾಣುತ್ತೆ. ನ್ಯುಮೋನಿಯಾದ ಎದೆನೋವು ಹೆಚ್ಚಾಗಿ ಒಂದು ಪಕ್ಕ ಚುಚ್ಚೋ ಥರ, ಉಸಿರು ಎಳೆದಾಗ ಕೆಮ್ಮಿದಾಗ ಜಾಸ್ತಿ ಆಗೋದು. ಹಾರ್ಟಿನ ನೋವು ನಡುವೆ ಒತ್ತಿ ಹಿಡಿದ ಹಾಗೆ, ಭಾರ ಹೇರಿದ ಹಾಗೆ, ಕೈಗೋ ದವಡೆಗೋ ಬೆನ್ನಿಗೋ ಹರಡಬಹುದು, ತಣ್ಣನೆ ಬೆವರು ಬರಬಹುದು. ಮಲಗಿದ್ರೆ ಉಸಿರು ಕಟ್ಟುತ್ತೆ ಎದ್ದು ಕೂತ್ರೆ ಸ್ವಲ್ಪ ವಾಸಿ ಅಂತ ರೋಗಿ ಹೇಳಿದ್ರೆ, ರಾತ್ರಿ ಇದ್ದಕ್ಕಿದ್ದ ಹಾಗೆ ಉಸಿರಿಗೆ ಒದ್ದಾಡಿ ಎದ್ದು ಕೂತ್ರೆ, ಪಾದ ಊದಿಕೊಂಡು ಬೆರಳಲ್ಲಿ ಒತ್ತಿದ್ರೆ ಗುಂಡಿ ಬಿದ್ರೆ, ಊಟಾನೇ ಸರಿಯಾಗಿ ಮಾಡ್ತಿಲ್ಲ ಆದ್ರೂ ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದ್ರೆ, ಅದು ಮೈಯಲ್ಲಿ ನೀರು ನಿಲ್ತಿರೋ ಲಕ್ಷಣ, ಹಾರ್ಟ್ ಫೇಲ್ಯೂರ್ ಬಗ್ಗೆ ಯೋಚನೆ ಮಾಡ್ಬೇಕು. ನೊರೆ ನೊರೆಯಾಗಿ ಗುಲಾಬಿ ಬಣ್ಣದ ಕಫ ಬಂತು ಅಂದ್ರೆ ಒಂದು ಕ್ಷಣಾನೂ ಕಾಯೋ ಹಾಗಿಲ್ಲ.

ವಯಸ್ಸಾದವರಲ್ಲಿ ಮತ್ತೆ ಶುಗರ್ ಇರೋರಲ್ಲಿ ಇನ್ನೊಂದು ಪೇಚು. ಅವರಿಗೆ ಹಾರ್ಟ್ ಅಟ್ಯಾಕ್ ಆದ್ರೂ ನೋವೇ ಇಲ್ದೆ ಇರಬಹುದು. ಇದ್ದಕ್ಕಿದ್ದ ಹಾಗೆ ಮಂಕಾಗೋದು, ಏನೇನೋ ಮಾತಾಡೋದು, ನಿನ್ನೆ ಎದ್ದು ಓಡಾಡ್ತಿದ್ದವರು ಇವತ್ತು ಮಗ್ಗುಲು ತಿರುಗೋಕೂ ಆಗಲ್ಲ ಅನ್ನೋದು, ಬಿಪಿ ಬೀಳೋದು, ಇಷ್ಟೇ ಕಾಣಿಸಬಹುದು. ಒಂದು ಲೆಕ್ಕ ನೆನಪಲ್ಲಿಟ್ಕೊಳ್ಳಿ: ಜ್ವರ ಇಳೀತಿದೆ, ಕಫ ಕಮ್ಮಿ ಆಗ್ತಿದೆ, ಆದ್ರೆ ಏದುಸಿರು ಮಾತ್ರ ಇಳೀತಿಲ್ಲ ಅಥವಾ ಜಾಸ್ತಿ ಆಗ್ತಿದೆ. ಹೀಗೆ ಎರಡು ದಿಕ್ಕಿಗೆ ಹೋಗ್ತಿದ್ರೆ ಡಾಕ್ಟರ್‌ನ ನೇರವಾಗಿ ಕೇಳಿ, ಹಾರ್ಟ್ ನೋಡಿದ್ರಾ ಅಂತ. ನಾಡಿ ನೋಡೋದು ಕಷ್ಟ ಏನಲ್ಲ, ಹೆಬ್ಬೆರಳಿನ ಬುಡದ ಹತ್ರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ನೆ ಮಲಗಿದ್ದಾಗ 60ರಿಂದ 100 ಮಾಮೂಲಿ, ಜ್ವರ ಇದ್ರೆ ಸ್ವಲ್ಪ ಜಾಸ್ತಿ ಇರುತ್ತೆ. ಜ್ವರ ಇಲ್ದೆನೂ 120ರ ಆಸುಪಾಸು ಇದ್ರೆ, ಇಲ್ಲಾ ಬಡಿತದ ನಡುವಿನ ಅಂತರ ಒಂದೊಂದ್ಸಲ ಒಂದೊಂದು ಥರ ಇದ್ರೆ ಹೇಳ್ಬೇಕು. ಬೆರಳಿಗೆ ಹಾಕೋ ಆಕ್ಸಿಮೀಟರ್ ನಾಡಿ ಎಷ್ಟು ಅಂತ ತೋರಿಸುತ್ತೆ, ಲಯ ಸರಿ ಇದೆಯಾ ಅಂತ ಆ ನಂಬರ್ ನೋಡಿ ಗೊತ್ತಾಗಲ್ಲ.

ಟೆಸ್ಟ್‌ಗಳ ವಿಷಯಕ್ಕೆ ಬಂದ್ರೆ ಎಕ್ಸ್‌ರೇ ಒಂದೇ ಸಾಕಾಗಲ್ಲ. ಸೋಂಕಿನ ಮಚ್ಚೆ ಸಾಮಾನ್ಯವಾಗಿ ಒಂದು ಭಾಗದಲ್ಲಿರುತ್ತೆ, ಹಾರ್ಟ್ ಸೋತು ನೀರು ತುಂಬಿದ್ರೆ ಎರಡೂ ಕಡೆ ಇರುತ್ತೆ ಅಂತ ಹೇಳ್ತಾರೆ, ಆದ್ರೆ ಎರಡೂ ಒಟ್ಟಿಗೇ ಇದ್ದಾಗ ಬಿಳಿ ಮೇಲೆ ಬಿಳಿ, ಏನು ಬಿಡಿಸಿ ನೋಡ್ತೀರಿ. ಆಗ ಎಕೋ ಮತ್ತೆ ಬಿಎನ್‌ಪಿ ಅನ್ನೋ ರಕ್ತಪರೀಕ್ಷೆ ಸಹಾಯಕ್ಕೆ ಬರುತ್ತೆ. ಬಿಎನ್‌ಪಿ ತುಂಬಾ ಕಮ್ಮಿ ಇದ್ರೆ ಹಾರ್ಟ್ ಫೇಲ್ಯೂರ್ ಇರೋ ಸಾಧ್ಯತೆ ಕಮ್ಮಿ, ಜಾಸ್ತಿ ಇದ್ರೆ ಮಾತ್ರ ಬೇರೆ ಕಾರಣಾನೂ ಇರಬಹುದು, ನ್ಯುಮೋನಿಯಾದಲ್ಲೇ ಅದು ಏರುತ್ತೆ.

ಟ್ರೋಪೋನಿನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ವಾರ್ಡಲ್ಲಿ ಜಾಸ್ತಿ ಗಲಾಟೆ ಆಗೋದು ಇದರದ್ದೇ. ಹೃದಯದ ಸ್ನಾಯುಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಬರೋ ಪ್ರೋಟೀನ್ ಅದು. ರಿಪೋರ್ಟಲ್ಲಿ ಅದು ಜಾಸ್ತಿ ಅಂತ ಬಂದ ಕೂಡ್ಲೆ ಮನೆಯವರೆಲ್ಲ ಅಯ್ಯೋ ಹಾರ್ಟ್ ಅಟ್ಯಾಕ್ ಆಗೋಯ್ತು ಅಂತ ಫೋನ್ ಮೇಲೆ ಫೋನ್. ನಿಜ ಏನಂದ್ರೆ ತೀವ್ರ ನ್ಯುಮೋನಿಯಾದಲ್ಲಿ ಟ್ರೋಪೋನಿನ್ ಸ್ವಲ್ಪ ಏರೋದು ಅಪರೂಪ ಏನಲ್ಲ, ಹೃದಯಕ್ಕೆ ಪೆಟ್ಟಾಗ್ತಿದೆ ಅಂತ ಅದು ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೀತಾರೆ, ಏರ್ತಾ ಹೋಗ್ತಿದ್ಯಾ ಇಳೀತಾ ಇದ್ಯಾ ನೋಡೋಕೆ, ಇಸಿಜಿ ಬದಲಾಗಿದ್ಯಾ, ನೋವಿದ್ಯಾ, ಎಕೋದಲ್ಲಿ ಹೃದಯದ ಒಂದು ಗೋಡೆ ಸರಿಯಾಗಿ ಅಲ್ಲಾಡ್ತಿಲ್ವಾ ಅಂತೆಲ್ಲ ಸೇರಿಸಿ ನಿರ್ಧಾರ ಮಾಡ್ತಾರೆ. ಬ್ಲಾಕ್ ಇಂದ ಆದ ಅಟ್ಯಾಕ್ ಆದ್ರೆ ಅದರ ದಾರಿ ಬೇರೆ, ಬರೀ ಹೊರೆ ಜಾಸ್ತಿ ಆಗಿ ಆದ ಪೆಟ್ಟಾದ್ರೆ ಮೊದಲು ಆಕ್ಸಿಜನ್, ಜ್ವರ, ಬಿಪಿ, ರಕ್ತಹೀನತೆ ಇವನ್ನ ಸರಿ ಮಾಡೋದೇ ಔಷಧಿ. ಹಾಗಾಗಿ ಟ್ರೋಪೋನಿನ್ ಜಾಸ್ತಿ ಇದ್ರೂ ಆಂಜಿಯೋಗ್ರಾಮ್ ಈಗ ಬೇಡ ಅಂದ್ರೆ ಅದು ನಿರ್ಲಕ್ಷ್ಯಾನೇ ಅಂತ ಅಂದ್ಕೋಬೇಡಿ. ಆದ್ರೆ ಜಾಸ್ತಿ ಬಂದವರ ಮೇಲೆ ನಿಗಾ ಮಾತ್ರ ಹೆಚ್ಚು ಬೇಕು, ಕಾಯಿಲೆ ಭಾರಿ ಇದೆ ಅನ್ನೋದಕ್ಕೆ ಅದೊಂದು ಗುರುತು.

ಡ್ರಿಪ್ ವಿಷಯ ಚಿಕ್ಕದಾಗಿ. ಬಿಪಿ ಬಿದ್ದಿದ್ರೆ ಡ್ರಿಪ್ ಬೇಕೇ ಬೇಕು, ಆದ್ರೆ ಹಾರ್ಟ್ ವೀಕ್ ಇರೋರಿಗೆ ಅದೇ ಜಾಸ್ತಿ ಆದ್ರೆ ಶ್ವಾಸಕೋಶಕ್ಕೆ ನೀರು. ಹಿಂದೆ ಹಾರ್ಟ್ ಫೇಲ್ಯೂರ್ ಇತ್ತು, ಎಕೋದಲ್ಲಿ ಪಂಪಿಂಗ್ ಕಮ್ಮಿ ಅಂದಿದ್ರು ಅಂತಿದ್ರೆ ಅಡ್ಮಿಟ್ ಆಗೋವಾಗಲೇ ಹೇಳಿ, ಹಳೇ ರಿಪೋರ್ಟ್ ಕೈಯಲ್ಲಿರಲಿ. "ಸುಸ್ತಾಗಿದಾರೆ, ಇನ್ನೊಂದು ಬಾಟಲ್ ಹಾಕಿ ಸಿಸ್ಟರ್" ಅಂತ ನಾವೇ ಒತ್ತಾಯ ಮಾಡೋ ಚಾಳಿ ಇದ್ಯಲ್ಲ, ಅದು ಬೇಡ.

ಮಾತ್ರೆಗಳ ಬಗ್ಗೆ ನಂಗೆ ತುಂಬಾ ಹೇಳೋದಿದೆ. ನ್ಯುಮೋನಿಯಾಗೆ ಕೊಡೋ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಇವೆಲ್ಲ ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರವನ್ನ (ಹೃದಯದ ಕೆಳಗಿನ ಕೋಣೆಗಳು ಹಿಂಡಿ ಮತ್ತೆ ಸಜ್ಜಾಗೋಕೆ ತಗೊಳೋ ಹೊತ್ತು) ಉದ್ದ ಮಾಡಬಲ್ಲವು, ಅದು ತೀರಾ ಉದ್ದ ಆದ್ರೆ ಅಪಾಯಕಾರಿ ಲಯ ತಪ್ಪುವಿಕೆ ಬರಬಹುದು. 2013ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಜಿತ್ರೋಮೈಸಿನ್ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು. ಹಾಗಂತ ಅದು ಕೆಟ್ಟ ಔಷಧಿ ಅಲ್ಲ, ಬಹುಪಾಲು ಜನಕ್ಕೆ ಏನೂ ಆಗಲ್ಲ, ನ್ಯುಮೋನಿಯಾಗೆ ಔಷಧಿ ತಗೊಳ್ದೇ ಇರೋದೇ ಅದಕ್ಕಿಂತ ದೊಡ್ಡ ಅಪಾಯ. ಆದ್ರೆ ಮೊದಲೇ ಕ್ಯೂಟಿ ಉದ್ದ ಇರೋರು, ನಾಡಿ ತುಂಬಾ ನಿಧಾನ ಇರೋರು, ಲಯ ಸರಿ ಮಾಡೋಕೆ ಅಮಿಯೋಡರೋನ್ ಥರದ ಮಾತ್ರೆ ತಗೊಳೋರು, ನೀರು ಹೋಗೋ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಮೆಗ್ನೀಸಿಯಂ ಇಳಿದಿರೋರು ಇವರಿಗೆ ಎಚ್ಚರ ಬೇಕು. ವಾಂತಿಗೆ ಕೊಡೋ ಒಂಡಾನ್‌ಸೆಟ್ರಾನ್ ಕೂಡ ಕ್ಯೂಟಿ ಉದ್ದ ಮಾಡೋ ಗುಂಪಿಗೇ ಸೇರಿದ್ದು. ಕ್ಲಾರಿತ್ರೋಮೈಸಿನ್ ಜೊತೆ ಕೊಲೆಸ್ಟರಾಲ್‌ನ ಸಿಮ್ವಾಸ್ಟಾಟಿನ್ ತಗೊಳೋ ಹಾಗೇ ಇಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳೋರಿಗೆ ಈ ಆಂಟಿಬಯಾಟಿಕ್‌ಗಳಿಂದ ರಕ್ತ ಇನ್ನೂ ತೆಳು ಆಗಬಹುದು, ಐಎನ್‌ಆರ್ ಅಂತ ರಕ್ತ ಎಷ್ಟು ತೆಳು ಆಗಿದೆ ನೋಡೋ ಟೆಸ್ಟ್ ಬೇಗ ಬೇಗ ಮಾಡಿಸ್ಬೇಕು. ಇದಕ್ಕೆಲ್ಲ ಒಂದೇ ಪರಿಹಾರ, ರೋಗಿ ತಗೊಳೋ ಎಲ್ಲ ಮಾತ್ರೆಯ ಪಟ್ಟಿ, ಹೆಸರು ಗೊತ್ತಿಲ್ದೇ ಇದ್ರೆ ಆ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕ್ಕೊಂಡು ಹೋಗಿ ತೋರಿಸೋದು.

ಮೈಕೈನೋವಿಗೆ ಅಂತ ನಾವೇ ತಗೊಳೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ಇದಾವಲ್ಲ, ಅವು ಮೈಯಲ್ಲಿ ಉಪ್ಪು ನೀರು ಹಿಡಿದಿಡ್ತಾವೆ, ಕಿಡ್ನಿ ಮೇಲೆ ಭಾರ, ಹಾರ್ಟ್ ಫೇಲ್ಯೂರ್ ಇರೋರಿಗಂತೂ ಬೇಡವೇ ಬೇಡ. ಉಸಿರಾಟದ ಸೋಂಕು ಇದ್ದಾಗ ಇವನ್ನ ತಗೊಂಡ್ರೆ ಹಾರ್ಟ್ ಅಟ್ಯಾಕ್ ಸಾಧ್ಯತೆ ಇನ್ನೂ ಏರುತ್ತೆ ಅಂತ ತೋರಿಸಿದ ಅಧ್ಯಯನಾನೂ ಇದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೂಗು ಕಟ್ಟಿದೆ ಅಂತ ತಗೊಳೋ ಶೀತದ ಮಾತ್ರೆಗಳಲ್ಲಿ ಫೆನೈಲೆಫ್ರಿನ್ ಥರದ್ದು ಇರುತ್ತೆ, ಅದು ಬಿಪಿ ಏರಿಸಬಹುದು, ಹಾರ್ಟ್ ಪೇಷೆಂಟ್‌ಗೆ ಕೇಳ್ದೆ ಕೊಡಬೇಡಿ.

ಇನ್ನೊಂದು ಮುಖ್ಯವಾದದ್ದು, ನಿಲ್ಲಿಸಿದ ಮಾತ್ರೆಗಳು. ಆಸ್ಪತ್ರೇಲಿ ಬಿಪಿ ಕಮ್ಮಿ ಇದೆ, ಕಿಡ್ನಿ ಸ್ವಲ್ಪ ಏರುಪೇರು ಅಂತ ಬಿಪಿ ಮಾತ್ರೆ, ನೀರು ಹೋಗೋ ಮಾತ್ರೆ, ನಾಡಿ ನಿಧಾನ ಮಾಡೋ ಬೀಟಾ ಬ್ಲಾಕರ್ ಇವನ್ನ ತಾತ್ಕಾಲಿಕವಾಗಿ ನಿಲ್ಲಿಸ್ತಾರೆ, ಸರಿಯಾದದ್ದೇ. ಡಿಸ್ಚಾರ್ಜ್ ಗಡಿಬಿಡೀಲಿ ಮತ್ತೆ ಯಾವಾಗ ಶುರು ಮಾಡ್ಬೇಕು ಅನ್ನೋದು ಯಾರೂ ಹೇಳಲ್ಲ, ನಾವೂ ಕೇಳಲ್ಲ, ರೋಗಿ ತಿಂಗಳುಗಟ್ಟಲೆ ಆ ಮಾತ್ರೆ ಇಲ್ದೆ ಇರ್ತಾರೆ. ಹಳೇ ಮಾತ್ರೆ ಪಟ್ಟಿ ಒಂದು ಕಡೆ, ಡಿಸ್ಚಾರ್ಜ್ ಸಮ್ಮರಿ ಇನ್ನೊಂದು ಕಡೆ ಇಟ್ಕೊಂಡು, ಬಿಟ್ಟುಹೋದ ಒಂದೊಂದನ್ನೂ ಬೆರಳಿಟ್ಟು ಕೇಳ್ಬೇಕು, ಇದು ಬೇಕಾ, ಯಾವತ್ತಿಂದ ಅಂತ.

ಮನೆಗೆ ಬಂದಮೇಲೆ? 2015ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತೆ. 65 ದಾಟಿದವರಲ್ಲಿ ನ್ಯುಮೋನಿಯಾಗೆ ಆಸ್ಪತ್ರೆ ಸೇರಿದವರನ್ನ ಸೇರದವರ ಜೊತೆ ಹೋಲಿಸಿದಾಗ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ಅಪಾಯ ಮೊದಲ ತಿಂಗಳು ಸುಮಾರು ನಾಲ್ಕು ಪಟ್ಟು, ಮೂರು ತಿಂಗಳವರೆಗೆ ಸುಮಾರು ಮೂರು ಪಟ್ಟು, ಒಂದು ವರ್ಷದವರೆಗೆ ಎರಡು ಪಟ್ಟು, ಆಮೇಲೆ ಇನ್ನೂ ಸ್ವಲ್ಪ ಇಳಿದ್ರೂ ಹತ್ತು ವರ್ಷದ ತನಕ ಮಾಮೂಲಿಗಿಂತ ಜಾಸ್ತಿನೇ ಇತ್ತು. 45ರಿಂದ 64ರ ವಯಸ್ಸಿನವರಲ್ಲಿ ಎರಡು ವರ್ಷ ಆದ್ಮೇಲೆ ಆ ವ್ಯತ್ಯಾಸ ಸ್ಪಷ್ಟವಾಗಿ ಉಳಿದಿರ್ಲಿಲ್ಲ. ಬಿಪಿ, ಶುಗರ್, ಸಿಗರೇಟು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲಿನ ಮಾತು ಇದು. ಈಗ ಯಾರಾದ್ರೂ ನನ್ನ ಕೇಳಿದ್ರೆ, ಹಾರ್ಟ್ ಅಟ್ಯಾಕ್ ಆಗಿ ಬಂದವರನ್ನ ಹೇಗೆ ನೋಡ್ಕೋತೀವೋ, ವಯಸ್ಸಾದವರು ನ್ಯುಮೋನಿಯಾದಿಂದ ಎದ್ದು ಬಂದಾಗಲೂ ಅರ್ಧದಷ್ಟಾದ್ರೂ ಆ ಥರ ನೋಡ್ಕೊಳ್ಳಿ ಅಂತೀನಿ. ಬಿಪಿ ಶುಗರ್ ಕೊಲೆಸ್ಟರಾಲ್ ಟೆಸ್ಟು, ಸಿಗರೇಟ್ ಇದ್ರೆ ಇದೇ ಸಮಯ ಬಿಡೋಕೆ, ನಿಧಾನವಾಗಿ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಯೋದು, ವಾರಕ್ಕೊಂದೆರಡು ಸಲ ತೂಕ. ಒಂದು ತಿಂಗಳಾದ್ರೂ ಮೆಟ್ಟಿಲು ಹತ್ತಿದ್ರೆ ಉಬ್ಬಸ ಬರ್ತಿದೆ ಅಂದ್ರೆ "ನ್ಯುಮೋನಿಯಾ ಆಗಿತ್ತಲ್ಲ, ಹಾಗೇ ಇರುತ್ತೆ" ಅಂತ ಸಮಾಧಾನ ಮಾಡೋ ಬದಲು ಒಂದು ಎಕೋ ಬೇಕಾ ಅಂತ ಕೇಳಿ.

ಹಾಗಾದ್ರೆ ಮುಂಚಿತವಾಗಿ ಆಸ್ಪಿರಿನ್ ತಗೊಂಡುಬಿಡೋಣ್ವಾ ಅಂತ ಕಸಿನ್ ಒಬ್ಬ ಕೇಳ್ದ. ನ್ಯುಮೋನಿಯಾ ರೋಗಿಗಳಿಗೆ ಆಸ್ಪಿರಿನ್ ಕೊಟ್ಟು ನೋಡಿದ ಸಣ್ಣ ಪ್ರಯೋಗದಲ್ಲಿ ಹಾರ್ಟ್ ತೊಂದರೆ ಕಮ್ಮಿ ಆದ ಹಾಗೆ ಕಂಡಿದೆ, ಆದ್ರೆ ಎಲ್ಲರಿಗೂ ಕೊಡಿ ಅನ್ನೋಕೆ ಅಷ್ಟು ಸಾಲದು, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬೇರೆ ಇದೆ. ಮೊದಲಿಂದ ಡಾಕ್ಟರ್ ಹೇಳಿ ತಗೋತಿರೋರು ತಾವಾಗೇ ನಿಲ್ಲಿಸ್ಬಾರ್ದು, ಇಲ್ದೇ ಇರೋರು ತಾವಾಗೇ ಶುರು ಮಾಡ್ಬಾರ್ದು.

ಲಸಿಕೆ ವಿಷಯದಲ್ಲಿ ಮಾತ್ರ ನಂಗೆ ಯಾವ ಅನುಮಾನಾನೂ ಇಲ್ಲ. ಹಾರ್ಟ್ ಅಟ್ಯಾಕ್ ಆದವರಿಗೇ, ಬಹುಪಾಲು ಜನಕ್ಕೆ ಆಸ್ಪತ್ರೇಲಿದ್ದಾಗಲೇ ಫ್ಲೂ ಲಸಿಕೆ ಕೊಟ್ಟು ಎಂಟು ದೇಶಗಳಲ್ಲಿ ಒಂದು ಪ್ರಯೋಗ ಮಾಡಿದ್ರು, ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದಲ್ಲಿ ಸಾವು, ಮತ್ತೆ ಅಟ್ಯಾಕ್, ಸ್ಟೆಂಟ್ ಒಳಗೆ ಹೆಪ್ಪುಗಟ್ಟೋದು, ಇವೆಲ್ಲ ಸೇರಿ ಲಸಿಕೆ ತಗೊಂಡವರಲ್ಲಿ 5.3 ಪರ್ಸೆಂಟ್, ಬರೀ ಉಪ್ಪುನೀರಿನ ಇಂಜೆಕ್ಷನ್ ತಗೊಂಡವರಲ್ಲಿ 7.2. ನ್ಯುಮೋಕಾಕಸ್ ಲಸಿಕೆ ಬೇರೆಯದು, ಅದು ವಯಸ್ಸಾದವರಿಗೆ, ಹಾರ್ಟ್, ಶ್ವಾಸಕೋಶ, ಶುಗರ್, ಕಿಡ್ನಿ ತೊಂದರೆ ಇರೋರಿಗೆ, ಫ್ಲೂದು ವರ್ಷ ವರ್ಷ. ಲಸಿಕೆ ಹಾಕ್ಸಿದ್ರೂ ಮೈ ಕಾವೇರುತ್ತಲ್ಲ, ಅದರಿಂದ್ಲೇ ಹಾರ್ಟ್‌ಗೆ ಏನಾದ್ರೂ ಆದ್ರೆ ಅಂತ ಭಯ ಪಡೋರಿಗೆ, ಮೇಲೆ ಹೇಳಿದ ಆ 2004ರ ಬ್ರಿಟನ್ ಅಧ್ಯಯನದಲ್ಲೇ ಅದನ್ನೂ ನೋಡಿದ್ರು: ಫ್ಲೂ, ಟೆಟನಸ್, ನ್ಯುಮೋಕಾಕಸ್ ಲಸಿಕೆ ಯಾವುದರ ನಂತರವೂ ಹಾರ್ಟ್ ಅಟ್ಯಾಕ್ ಆಗ್ಲಿ ಸ್ಟ್ರೋಕ್ ಆಗ್ಲಿ ಜಾಸ್ತಿ ಆಗಿರ್ಲಿಲ್ಲ. ಮೈ ಹುಷಾರಿಲ್ಲದೆ ಜ್ವರ ಇರೋವಾಗ ಹಾಕ್ಸೋದು ಬೇಡ, ಚೇತರಿಸಿಕೊಂಡ ಮೇಲೆ ಮುಂದಿನ ಚೆಕಪ್‌ಗೆ ಹೋದಾಗ ಎರಡರ ಬಗ್ಗೆನೂ ಒಟ್ಟಿಗೇ ಕೇಳಿ.